ಎಲ್ಲಿಗಯ್ಯನ ದೇವಮ್ಮ

ದೇವಮ್ಮನನ್ನು ಪೊಲೀಸರು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ತಂದು ಬಿಟ್ಟದ್ದು ತೊಂಡೆಕಾಯಿಯ ದೆಸೆಯಿಂದ.

ಮಗಳು ಲತಾಶ್ರೀ ಆಫೀಸಿನಿಂದ ಬರುವಾಗ ಓಡೋಡಿ ತರುತ್ತಿದ್ದ ತೊಂಡೆಕಾಯಿ ಹೆಚ್ಚಿದರೆ ಒಳಗೆಲ್ಲ ಹಣ್ಣಾಗಿ ಕೆಂಪಗಿರುತ್ತಿತ್ತು. "ನೀನು ತರೋದು ತೊಂಡೆಕಾಯಿ ಅಲ್ಲ ಕಣೆ, ತೊಂಡೆಹಣ್ಣು" ಅಂತ ಹೇಳಿ ಹೇಳಿ ದೇವಮ್ಮನಿಗೆ ಸಾಕಾಗಿತ್ತು. ಇಂಡಿಯನ್ ಅಂಗಡಿ ಇದ್ದದ್ದು ಎರಡು ಮೈಲಿ ಆಚೆ. ಮೈಸೂರಿನಲ್ಲಿ ಮನೆಯಿಂದ ದೇವರಾಜ ಮಾರ್ಕೆಟ್ಟಿಗೆ ನಡೆದೇ ಹೋಗಿ ಬರುತ್ತಿದ್ದ ಹೆಂಗಸಿಗೆ ಎರಡು ಮೈಲಿ ಯಾವ ದೊಡ್ಡ ದೂರ? ಒಂದು ಬೆಳಿಗ್ಗೆ ಕೈಚೀಲ, ಕೊಡೆ ಹಿಡಿದು, ಸೀರೆಯ ಕೆಳಗೆ ಮೊಮ್ಮಗಳ ಹಳೇ ಸ್ನೀಕರ್ಸ್ ಹಾಕಿಕೊಂಡು ಹೊರಟೇಬಿಟ್ಟರು.

ಅಮೆರಿಕದ ಕ್ಯಾಂಟನ್ ಊರಿನ ಫೋರ್ಡ್ ರೋಡಿನಲ್ಲಿ ನಡೆಯುವವರು ಯಾರೂ ಇಲ್ಲ. ಕಾರುಗಳೆಲ್ಲ ಇವರನ್ನು ಕಂಡು ನಿಧಾನವಾದವು. ಒಬ್ಬಾಕೆ ಕಿಟಕಿ ಇಳಿಸಿ ನೀರಿನ ಬಾಟಲಿ ಕೊಟ್ಟಳು. ಇನ್ನೊಬ್ಬ ಫೋನ್ ಬೇಕಾ ಅಂತ ಕೇಳಿದ. ಕೊನೆಗೆ ದೀಪ ಮಿನುಗಿಸುತ್ತ ಪೊಲೀಸ್ ಕಾರೇ ಬಂದು ಪಕ್ಕದಲ್ಲಿ ನಿಂತಿತು.

"ಮೇಡಂ, ದಾರಿ ತಪ್ಪಿತಾ?" ಅಂದ ಎಳೇ ಪೊಲೀಸಿನವನು.

ದೇವಮ್ಮ ಎಸ್ಸೆಸ್ಸೆಲ್ಸಿಯ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು, "ನೋ, ನೋ. ಐ ಗೋ ತೊಂಡೆಕಾಯಿ" ಅಂದರು.

ಅವನು ತೊಂಡೆಕಾಯಿ ಯಾವುದೋ ಊರು ಅಂದುಕೊಂಡ. ಪಾಪ, ರೇಡಿಯೋದಲ್ಲಿ ಎರಡು ಠಾಣೆಗಳವರನ್ನು ವಿಚಾರಿಸಿದ. ಮಿಶಿಗನ್ ರಾಜ್ಯದಲ್ಲಿ ಅಂಥ ಊರು ಎಲ್ಲೂ ಸಿಗಲಿಲ್ಲ. ಕೈಚೀಲದ ಒಳಗೆ ಲತಾಶ್ರೀ ಬರೆದಿಟ್ಟಿದ್ದ ವಿಳಾಸ ನೋಡಿ, ಬಾಗಿಲು ತೆರೆದು ಕೂರಿಸಿಕೊಂಡು, ಅವರ ಬಡಾವಣೆಯಾದ ಸಬ್‌ಡಿವಿಷನ್ನಿನ ಒಳಗೆ ದೀಪ ಆರಿಸುವುದನ್ನೂ ಮರೆತು ಬಂದ. ಮನೆಯಲ್ಲಿದ್ದವನು ಅಳಿಯ ಮಂಜೇಶ್ ಒಬ್ಬನೇ. ಸಾಫ್ಟ್‌ವೇರಿನ ಮೀಟಿಂಗಿನಲ್ಲಿ ಕೂತಿದ್ದವನು ಕಿಟಕಿಯಲ್ಲಿ ಇದನ್ನು ಕಂಡು, ಮೈಕ್ ಆಫ್ ಮಾಡದೆಯೇ, "ಅಯ್ಯಯ್ಯೋ, ನಮ್ಮತ್ತೇನ ಅರೆಸ್ಟ್ ಮಾಡಿದಾರೆ!" ಅಂತ ಚೀರಿದ. ಮೀಟಿಂಗಿನಲ್ಲಿದ್ದ ಹದಿನಾಲ್ಕು ಜನರಲ್ಲಿ ಕನ್ನಡ ಬರುತ್ತಿದ್ದದ್ದು ಒಬ್ಬನಿಗೇ ಆದರೂ, ಆ ಒಬ್ಬ ಸಾಕಾಯಿತು.

ಆ ಸಂಜೆ ದೇವಮ್ಮ ಊಟಕ್ಕೆ ಕೂತಾಗ ಹೇಳಿದರು: "ಈ ಊರಲ್ಲಿ ಕಾಲಿದ್ದೋರೆಲ್ಲ ಹೆಳವರು. ಚಕ್ರ ಇದ್ದೋರೇ ನಡೆಯೋರು. ನಾನು ಕಾರು ಕಲೀತೀನಿ."

"ಅಮ್ಮಾ, ನಿನಗೆ ಅರವತ್ತೆಂಟು ವರ್ಷ" ಅಂದಳು ಲತಾಶ್ರೀ.

"ಅದಕ್ಕೇ ಹೇಳ್ತಿರೋದು, ತಡ ಆಯ್ತು ಅಂತ."

ಮೊಮ್ಮಗಳು ಇಳಾ ಮಾತ್ರ ತಟ್ಟೆಯಿಂದ ತಲೆ ಎತ್ತಿ, "ಗೋ ಫಾರ್ ಇಟ್, ಅಜ್ಜಿ" ಅಂದಳು. ಹದಿನೇಳರ ಆ ಹುಡುಗಿ ಆಗ ತಾನೇ ಲೈಸೆನ್ಸ್ ಪಡೆದಿದ್ದಳು. ತನ್ನ ಹಾಗೇ ಮನೆಯವರ ಬೈಗುಳ ತಿನ್ನಲು ಇನ್ನೊಬ್ಬರು ಬಂದರಲ್ಲ ಅಂತ ಅವಳಿಗೆ ಖುಷಿ.

ಒಳಗಿನ ಸಂಗತಿ ಬೇರೆಯೇ ಇತ್ತು. ಅದನ್ನು ದೇವಮ್ಮ ಊಟದ ಮೇಜಿನ ಮುಂದೆ ಹೇಳಲಿಲ್ಲ. ಅವರ ಅಪ್ಪ ಶಿವಬಸಪ್ಪ ಮೈಸೂರಿನಲ್ಲಿ ಟಾಂಗಾ ಹೊಡೆಯುತ್ತಿದ್ದವರು. ಮನೆಯ ಹಿಂದೆಯೇ ಲಾಯ. ದೇವಮ್ಮ ಹುಲ್ಲು ಹಾಕಿದ್ದಾರೆ, ಮೈ ತಿಕ್ಕಿದ್ದಾರೆ, ಲಾಳ ಹೊಡೆಯುವಾಗ ಕುದುರೆಯ ಕಿವಿ ಹಿಡಿದು ನಿಂತಿದ್ದಾರೆ. ಆದರೆ ಲಗಾಮು ಮಾತ್ರ ಕೈಗೆ ಸಿಕ್ಕಿದ್ದಿಲ್ಲ. "ಹೆಣ್ಣುಮಗಳು ಲಗಾಮು ಹಿಡಿದ್ರೆ ಕುದುರೆ ನಗುತ್ತೆ" ಅಂತ ಅಪ್ಪ ಪ್ರತಿಸಲವೂ ನಗುತ್ತಲೇ ಕಿತ್ತುಕೊಳ್ಳುತ್ತಿದ್ದರು. ಆಮೇಲೆ ಮದುವೆ, ಸಿಲ್ಕ್ ಫ್ಯಾಕ್ಟರಿಯ ಗುಮಾಸ್ತ ಗಂಡ, ಒಬ್ಬಳೇ ಮಗಳು, ಗಂಡನ ಸ್ಕೂಟರಿನ ಹಿಂದಿನ ಸೀಟು. ಗಂಡ ಹೋದ ಮೇಲೆ ಮಗಳ ಮಿನಿವ್ಯಾನಿನ ಹಿಂದಿನ ಸೀಟು. ಜೀವಮಾನವೆಲ್ಲ ಹಿಂದೆಯೇ ಕೂತು ದಾರಿ ನೋಡಿದವರು ಅವರು.

ಕಲಿಯುವವರ ಪರ್ಮಿಟ್ ಹೇಗೋ ಸಿಕ್ಕಿತು. ಇಳಾ ಪಾಠ ಹೇಳಿದಳು, ದೇವಮ್ಮ ರಸ್ತೆ ಚಿಹ್ನೆಗಳನ್ನೆಲ್ಲ ರಂಗೋಲಿಯ ಹಾಗೆ ಬಾಯಿಪಾಠ ಮಾಡಿದರು. ಕಾರು ಕಲಿಸುವ ಕೆಲಸ ಮಂಜೇಶನ ತಲೆಗೆ ಬಂತು. ಮೊದಲ ದಿನ ಡ್ರೈವ್‌ವೇಯಿಂದ ಹಿಂದಕ್ಕೆ ಬಂದ ಮಿನಿವ್ಯಾನ್ ರಸ್ತೆಗೆ ಇಳಿಯಿತು, ರಸ್ತೆ ದಾಟಿತು, ಎದುರು ಮನೆಯ ಹುಲ್ಲು ಹತ್ತಿತು, ಮೇಲ್‌ಬಾಕ್ಸನ್ನು ಕಂಬದ ಸಮೇತ ಮಲಗಿಸಿ ನಿಂತಿತು.

"ಬ್ರೇಕ್, ಅತ್ತೆ, ಬ್ರೇಕ್!" ಅಂತ ಮಂಜೇಶ್ ಕೂಗುತ್ತಲೇ ಇದ್ದ. ದೇವಮ್ಮ ಎರಡೂ ಕೈಯಿಂದ ಸ್ಟೀರಿಂಗನ್ನು ಎದೆಗೆ ಎಳೆದುಕೊಂಡು, ಹಿಂದಕ್ಕೆ ಒರಗಿ, "ಹೋಯ್! ಹೋಯ್!" ಅನ್ನುತ್ತಿದ್ದರು. ಲಗಾಮು ಎಳೆದರೆ ನಿಲ್ಲಬೇಕಲ್ಲವೇ!

ಎದುರು ಮನೆಯಿಂದ ಹೊರಗೆ ಬಂದವರು ಕಜಿಮಿರ್. ಎಪ್ಪತ್ತೈದು ದಾಟಿದ ಪೋಲಿಷ್ ಮೂಲದ ಮುದುಕ, ಕಾರು ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದವರು, ಹೆಂಡತಿ ಇಲ್ಲ. ಬಿದ್ದ ಮೇಲ್‌ಬಾಕ್ಸನ್ನು ನೋಡಿದರು, ದೇವಮ್ಮನನ್ನು ನೋಡಿದರು, ಬೆವರಿ ತೊಪ್ಪೆಯಾದ ಮಂಜೇಶನನ್ನು ನೋಡಿದರು.

"ನಾಳೆಯಿಂದ ನಾನು ಕಲಿಸ್ತೀನಿ" ಅಂದರು. "ಈಕೆಯ ಕಾರಿನ ಎದುರು ವಾಸ ಮಾಡೋದಕ್ಕಿಂತ ಒಳಗೆ ಕೂತ್ಕೊಳ್ಳೋದೇ ಕ್ಷೇಮ."

ದೇವಮ್ಮನಿಗೆ ಕಜಿಮಿರ್ ಅನ್ನುವುದು ನಾಲಿಗೆಗೆ ಒಗ್ಗಲಿಲ್ಲ. ಕಾಶಪ್ಪ ಅಂದರು. ಅವರೂ ಓಗೊಟ್ಟರು.

ಕಾಶಪ್ಪನವರು ತಾಳ್ಮೆಯ ಮನುಷ್ಯ. ಮಾತು ಕಡಿಮೆ, ಕೈಸನ್ನೆ ಜಾಸ್ತಿ. ಈಕೆ ಸ್ಟೀರಿಂಗ್ ಎಳೆಯುವುದು ಯಾಕೆ ಅಂತ ಅವರಿಗೆ ಮೊದಲು ಅರ್ಥವಾಗಲಿಲ್ಲ. ದೇವಮ್ಮ ತಮ್ಮ ಅಪ್ಪನ ಕಥೆಯನ್ನು ಅರ್ಧ ಇಂಗ್ಲಿಷಿನಲ್ಲಿ, ಉಳಿದರ್ಧ ಕುದುರೆಯ ಹಾಗೆ ಕೆನೆದು ತೋರಿಸಿ ಹೇಳಿದ ಮೇಲೆ ಅವರ ಮುಖ ಅರಳಿತು. "ಕುದುರೆಯಾ? ಹಾಗಾದ್ರೆ ಬನ್ನಿ, ನಿಮಗೆ ಒಬ್ಬರನ್ನು ಪರಿಚಯ ಮಾಡಿಸಬೇಕು" ಅಂತ ವೇಯ್ನ್ ಊರಿನ ಕಡೆಗೆ ಗಾಡಿ ತಿರುಗಿಸಲು ಹೇಳಿದರು. ಇಪ್ಪತ್ತು ನಿಮಿಷದ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಒಂದು ಸಣ್ಣ ಇಟ್ಟಿಗೆಯ ಇಗರ್ಜಿಯ ಮುಂದೆ ನಿಂತರು. ಕಾಶಪ್ಪನವರು ಅಲ್ಲಿ ಭಾನುವಾರಗಳಲ್ಲಿ ಬಾಗಿಲಲ್ಲಿ ನಿಂತು ಜನರನ್ನು ಸಾಲಿನಲ್ಲಿ ಕೂರಿಸುವವರು.

ಒಳಗೆ ಪಕ್ಕದ ಗೂಡಿನಲ್ಲಿ ಒಂದು ಮೂರ್ತಿ. ತಲೆಗೆ ಬಿಷಪ್ಪರ ಎತ್ತರದ ಕಿರೀಟ, ಮೈಗೆ ಜರಿ ನಿಲುವಂಗಿ. ಒಂದು ಕೈಯಲ್ಲಿ ಸುತ್ತಿಗೆ. ಇನ್ನೊಂದು ಕೈಯಲ್ಲಿ, ಮೊಣಕಾಲಿನಿಂದ ಕೆಳಗೆ, ಒಂದು ಕುದುರೆಯ ಕಾಲು.

ದೇವಮ್ಮ ಬೆರಗಾಗಿ ನಿಂತರು. "ಇದೇನು ಕಾಶಪ್ಪ, ಕಾಲು ಒಂದೇ ಇದೆ! ಕುದುರೆ ಎಲ್ಲಿ?"

ಕಾಶಪ್ಪನವರು ಬೆಂಚಿನ ಮೇಲೆ ಕೂತು ಕಥೆ ಹೇಳಿದರು. ಆತ ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನವನು, ಫ್ರಾಂಕರ ದೇಶದವನು, ಕಸಬಿನಲ್ಲಿ ಅಕ್ಕಸಾಲಿಗ. ರಾಜ ಒಂದು ಸಿಂಹಾಸನ ಮಾಡು ಅಂತ ಚಿನ್ನ ಕೊಟ್ಟ. ಈತ ಅದೇ ಚಿನ್ನದಲ್ಲಿ ಎರಡು ಸಿಂಹಾಸನ ಮಾಡಿ ತಂದಿಟ್ಟ.

"ಎರಡಾ?" ದೇವಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುವ ಗಾದೆ ಕೇಳಿ ಬೆಳೆದವರು ಅವರು. "ನಮ್ಮ ಕಡೆ ಎರಡು ಬಳೆ ಚಿನ್ನ ಕೊಟ್ರೆ ಒಂದು ಬಳೆ ಬರುತ್ತೆ. ಮುಂದೆ ಹೇಳಿ, ಈತ ದೇವರೇ ಸೈ."

ಆ ನಿಯತ್ತು ನೋಡಿ ರಾಜ ಹತ್ತಿರ ಇಟ್ಟುಕೊಂಡ. ಕೈಗೆ ಬಂದದ್ದನ್ನೆಲ್ಲ ಆತ ಜೀತದವರನ್ನು ಬಿಡಿಸಲು ಖರ್ಚು ಮಾಡಿದ. ಆಮೇಲೆ ನೊಯೋನ್ ಅನ್ನುವ ಊರಿನ ಬಿಷಪ್ ಆದ. ಒಮ್ಮೆ ಸೈತಾನ ಹೆಂಗಸಿನ ವೇಷದಲ್ಲಿ ಬಂದಾಗ ಕುಲುಮೆಯ ಇಕ್ಕಳದಿಂದ ಅವಳ ಮೂಗು ಹಿಡಿದನಂತೆ.

"ನಾನು ಮೂಗುತಿ ಚುಚ್ಚೋಕೆ ಅಂದ್ಕೊಂಡೆ" ಅಂದರು ದೇವಮ್ಮ. "ಕುದುರೆ ವಿಷಯಕ್ಕೆ ಬನ್ನಿ."

ಕುದುರೆಯೊಂದು ಲಾಳ ಹೊಡೆಸಿಕೊಳ್ಳಲು ಬಿಡದೆ ಒದೆಯುತ್ತಿತ್ತು. ಆತ ನೋಡುವಷ್ಟು ನೋಡಿದ. ಕೊನೆಗೆ ಕಾಲನ್ನೇ ಕಳಚಿ, ಅಡಿಗಲ್ಲಿನ ಮೇಲಿಟ್ಟು ನಿಧಾನವಾಗಿ ಲಾಳ ಹೊಡೆದು, ಮತ್ತೆ ಜೋಡಿಸಿ ಶಿಲುಬೆಯ ಗುರುತು ಮಾಡಿದ. ಕುದುರೆ ನಡೆದುಕೊಂಡು ಹೋಯಿತು. ಅದಕ್ಕೇ ಆತ ಕಮ್ಮಾರರಿಗೆ, ಕುದುರೆಗಳಿಗೆ, ಈಗ ಕಾರು ರಿಪೇರಿಯವರಿಗೂ ಕಾರುಗಳಿಗೂ ಕಾವಲು ಸಂತ.

ದೇವಮ್ಮನ ಕಣ್ಣು ತುಂಬಿ ಬಂತು. ಅಪ್ಪನ ಲಾಯದಲ್ಲಿ ಲಾಳ ಹೊಡೆಯುವ ದಿನ ನಾಲ್ಕು ಗಂಡಸರು ಬೇಕಿತ್ತು, ಹಗ್ಗ ಬೇಕಿತ್ತು, ಕೊನೆಗೆ ಒಬ್ಬರಿಗಾದರೂ ಒದೆ ಬೀಳುತ್ತಿತ್ತು. ಕಾಲು ಕಳಚಿಬಿಡೋದು! ಇಷ್ಟು ಸುಲಭದ ಉಪಾಯ ಯಾರಿಗೂ ಹೊಳೆಯಲಿಲ್ಲವಲ್ಲ! "ಹೆಸರೇನು ಅಂದ್ರಿ?"

"ಇಂಗ್ಲಿಷಿನಲ್ಲಿ ಎಲೀಜಿಯಸ್. ನಮ್ಮಮ್ಮ ಪೋಲಿಷಿನಲ್ಲಿ ಎಲಿಗಿಯುಶ್ ಅನ್ನೋರು."

"ಎಲ್ಲಿಗಯ್ಯ!" ಅಂದರು ದೇವಮ್ಮ. ಗಾಡಿಗಳ ದೇವರಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದಿದ್ದೀತು? ಅಪ್ಪ ಟಾಂಗಾ ಹತ್ತಿದ ಪ್ರತಿಯೊಬ್ಬ ಗಿರಾಕಿಗೂ ಕೇಳುತ್ತಿದ್ದದ್ದು ಅದನ್ನೇ ಅಲ್ಲವೇ! ಅಲ್ಲೇ ಎರಡು ಕೈ ಜೋಡಿಸಿ, ಲೈಸೆನ್ಸ್ ಸಿಕ್ಕರೆ ಇಗರ್ಜಿಯವರಿಗೆಲ್ಲ ಪುಳಿಯೋಗರೆ ಮಾಡಿ ಹಾಕುತ್ತೇನೆ ಅಂತ ಹರಕೆ ಹೊತ್ತರು.

ತೊಂದರೆ ಶುರುವಾದದ್ದು ಮಂಜೇಶನಿಗೆ. ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಹೋದ ಕೆಲಸ ಕೆಡುತ್ತದೆ ಅಂತ ಅವನ ಅಜ್ಜಿ ಗಂಗಮ್ಮ ಬಾಲ್ಯದಲ್ಲೇ ತಲೆಗೆ ತುಂಬಿದ್ದರು. ಎಂ.ಟೆಕ್ ಓದಿದರೂ ಅದು ಇಳಿದಿರಲಿಲ್ಲ. ಯಾರಾದರೂ ಕೇಳಿಬಿಟ್ಟರೆ ವಾಪಸು ಬಂದು, ಶೂ ಬಿಚ್ಚಿ, ನೀರು ಕುಡಿದು, ಎರಡು ನಿಮಿಷ ಕೂತು ಮತ್ತೆ ಹೊರಡುವುದು ಅವನ ನೇಮ. ಅತ್ತೆ ಈಗ ದಿನಾ ಬೆಳಿಗ್ಗೆ, ಸರಿಯಾಗಿ ಅವನು ಗರಾಜಿನ ಬಾಗಿಲು ತೆರೆಯುವ ಹೊತ್ತಿಗೆ, ದೇವರ ಗೂಡಿನ ಮುಂದೆ ನಿಂತು, "ಎಲ್ಲಿಗಯ್ಯಾ! ಅಪ್ಪಾ ಎಲ್ಲಿಗಯ್ಯಾ!" ಅಂತ ಗಟ್ಟಿಯಾಗಿ ಕೂಗುತ್ತಿದ್ದರು.

ಮಂಜೇಶ್ ವಾಪಸು ಬರುತ್ತಿದ್ದ. ನೀರು ಕುಡಿಯುತ್ತಿದ್ದ. ಶೂ ಹಾಕಿಕೊಳ್ಳುವಷ್ಟರಲ್ಲಿ ಮಂಗಳಾರತಿಗೆ ಇನ್ನೊಂದು ಸಲ "ಎಲ್ಲಿಗಯ್ಯಾ!" ಒಂದು ದಿನವಂತೂ ಅಷ್ಟು ನೀರು ಕುಡಿದಿದ್ದ, ಆಫೀಸಿನ ದಾರಿಯಲ್ಲಿ ಶೌಚಾಲಯ ಹುಡುಕಿ ಹೈವೇಯ ಎರಡು ಎಕ್ಸಿಟ್‌ಗಳಲ್ಲಿ ಇಳಿಯಬೇಕಾಯಿತು.

"ಅತ್ತೆ, ಆ ದೇವರಿಗೆ ಬೇರೆ ಹೆಸರೇನಾದ್ರೂ ಇಟ್ಕೊಳ್ಳಿ, ನಿಮಗೆ ಕೈ ಮುಗೀತೀನಿ."

"ದೇವರಿಗೆ ಹೆಸರಿಡೋಕೆ ನಾವ್ಯಾರು ಅಳಿಯಂದ್ರೇ?" ಅಂದರು ದೇವಮ್ಮ, ತಾವೇ ಇಟ್ಟ ಹೆಸರು ಅನ್ನುವುದನ್ನು ಅಷ್ಟು ಹೊತ್ತಿಗೆ ಪೂರ್ತಿ ಮರೆತು.

ಲತಾಶ್ರೀಗೆ ಇದರ ಮಧ್ಯೆ ಬರುವ ಮನಸ್ಸಿರಲಿಲ್ಲ. ಅವಳ ಕೆಲಸ ಹೊಸ ಕಾರುಗಳಲ್ಲಿ ಕಿರುಗುಟ್ಟುವ, ಗಡಗಡಿಸುವ ಸದ್ದು ಎಲ್ಲಿಂದ ಬರುತ್ತದೆ ಅಂತ ಕಂಡುಹಿಡಿಯುವುದು. "ನನ್ನ ಮಗಳು ಕಿರಿಕಿರಿ ಇಂಜಿನಿಯರ್" ಅಂತ ದೇವಮ್ಮ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದರು. ದಿನವಿಡೀ ಸದ್ದು ಕೇಳಿ ಬಂದವಳು ಮನೆಯ ಸದ್ದಿಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು.

ಅಕ್ಟೋಬರಿನಲ್ಲಿ ಮೊದಲ ಪರೀಕ್ಷೆ. ನಾಲ್ಕು ಕಡೆಯೂ ಸ್ಟಾಪ್ ಬೋರ್ಡ್ ಇರುವ ಚೌಕದಲ್ಲಿ ದೇವಮ್ಮ ನಿಲ್ಲಿಸಿದರು. ಮೊದಲು ಬಂದು ನಿಂತವರು ಮೊದಲು ಹೊರಡುವುದು ಅಲ್ಲಿನ ನಿಯಮ. ಎಡಗಡೆಯವರಿಗೆ "ನೀವು ಹೋಗಿ" ಅಂತ ಕೈ ತೋರಿಸಿದರು. ಬಲಗಡೆಯವರಿಗೆ "ನೀವು ಹೋಗಿ" ಅಂದರು. ಎದುರಿನವರಿಗೂ ಅಂದರು. ಮೊದಲು ತಾವೇ ನುಗ್ಗುವುದು ಮರ್ಯಾದಸ್ಥರ ಲಕ್ಷಣವೇ? ಕಾರುಗಳು ಬರುತ್ತಲೇ ಇದ್ದವು, ದೇವಮ್ಮ ಕಳಿಸಿಕೊಡುತ್ತಲೇ ಇದ್ದರು. ಪಕ್ಕದಲ್ಲಿದ್ದ ಪರೀಕ್ಷಕ ಗಡಿಯಾರ ನೋಡಿ ನೋಡಿ ಫೇಲು ಮಾಡಿದ.

ನವೆಂಬರಿನಲ್ಲಿ ಎರಡನೆಯದು. ಈ ಸಲ ಚೌಕದಲ್ಲಿ ಹೆದರದೆ ಹೊರಟರು. ಆದರೆ ಸಿಗ್ನಲ್ ಕೊಡದೆ ಅಡ್ಡ ಬಂದ ಪಿಕಪ್ ಟ್ರಕ್ಕಿನವನನ್ನು ಅರ್ಧ ಮೈಲಿ ಹಿಂಬಾಲಿಸಿ, ಕೆಂಪು ದೀಪದಲ್ಲಿ ಕಿಟಕಿ ಇಳಿಸಿ, "ನಿಮ್ಮಪ್ಪ ಅಮ್ಮ ಹೀಗೇ ಕಲಿಸಿದ್ದಾ?" ಅಂತ ಕನ್ನಡದಲ್ಲೇ ಕೇಳಿದರು. ಅವನು "ಸಾರಿ ಮ್ಯಾಮ್" ಅಂದ. ಪರೀಕ್ಷಕ ಮಾತ್ರ ಸಾರಿ ಅನ್ನಲಿಲ್ಲ.

ಮನೆಗೆ ಬಂದು ದೇವಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಅಪ್ಪ ಹೇಳಿದ್ದೇ ಸರಿಯೇನೋ, ಕುದುರೆ ನಗುತ್ತಲೇ ಇದೆಯೇನೋ ಅನ್ನಿಸಿತು. ರಾತ್ರಿ ಊಟಕ್ಕೂ ಬರಲಿಲ್ಲ. ಬೆಳಿಗ್ಗೆ ಕಾಶಪ್ಪನವರು ಬಂದು ಬಾಗಿಲು ತಟ್ಟಿದರು. "ಭಾನುವಾರ ಎಲ್ಲಿಗಯ್ಯನ ಹಬ್ಬ" ಅಂದರು. ಅವರ ಬಾಯಲ್ಲೂ ಅದೇ ಹೆಸರು ಕೂತುಬಿಟ್ಟಿತ್ತು. "ಇಗರ್ಜಿಯ ಅಂಗಳದಲ್ಲಿ ಕಾರುಗಳನ್ನೆಲ್ಲ ನಿಲ್ಲಿಸಿ ಫಾದರ್ ಮಂತ್ರಜಲ ಹಾಕ್ತಾರೆ. ನಿಮ್ಮ ಗಾಡಿಯನ್ನೂ ತನ್ನಿ."

ದೇವಮ್ಮನ ಕಿವಿ ನಿಮಿರಿತು. "ಅಂದ್ರೆ ಆಯುಧಪೂಜೆ ಅನ್ನಿ!"

ಭಾನುವಾರ ಥರ್ಮಾಮೀಟರ್ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ನೀರು ಹೆಪ್ಪುಗಟ್ಟುವ ಚಳಿ. ಅಂಗಳದಲ್ಲಿ ಮೂವತ್ತು ನಲವತ್ತು ಗಾಡಿಗಳು, ಹೆಚ್ಚಿನವು ಪಿಕಪ್ಪುಗಳು. ಮಂಜೇಶ್ ಕೂಡ ಬಂದಿದ್ದ, ತನ್ನ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ, ಬೇರೆಯಾಗಿ. ಅದರ ಮೇಲೆ ಒಂದು ಹನಿ ನೀರು, ಒಂದು ಚಿಟಿಕೆ ಕುಂಕುಮ ಬಿದ್ದರೂ ಸಹಿಸನು. ಹಾಗಾಗಿ ಅಂಗಳದ ತೀರಾ ಕೆಳಗಿನ ಮೂಲೆಯಲ್ಲಿ ಒಂಟಿಯಾಗಿ ನಿಲ್ಲಿಸಿದ್ದ.

ಫಾದರ್ ಜೆರೋಮ್ ದಪ್ಪ ಕೋಟಿನ ಮೇಲೆ ಪೂಜೆಯ ಉಡುಪು ತೊಟ್ಟು ಹೊರಬಂದರು. ಕುಂಚದಿಂದ ನೀರು ಚಿಮುಕಿಸುತ್ತ ಹೋದಂತೆ ಅದು ಗಾಜಿನ ಮೇಲೇ ಮಂಜುಗಡ್ಡೆಯಾಗುತ್ತಿತ್ತು. ಮಿನಿವ್ಯಾನಿನ ಹತ್ತಿರ ಬಂದವರು ನಿಂತುಬಿಟ್ಟರು. ಅದಕ್ಕೆ ಸೇವಂತಿಗೆ ಹಾರ, ಅರಿಶಿನ ಕುಂಕುಮ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು.

"ನಿಂಬೆಹಣ್ಣು ಯಾಕೆ?" ಅಂತ ಕೇಳಿದರು. ಇಳಾ ಇಂಗ್ಲಿಷಿನಲ್ಲಿ ವಿವರಿಸಿದಳು: ಚಕ್ರ ಅದರ ಮೇಲೆ ಹತ್ತಿ ಜಜ್ಜಿದರೆ ಗಾಡಿಗೆ ಬಿದ್ದ ದೃಷ್ಟಿಯೆಲ್ಲ ಹೋಗುತ್ತದೆ ಅಂತ.

ಫಾದರ್ ಬಗ್ಗಿ ಚಕ್ರದ ಕೆಳಗೆ ನೋಡಿದರು. "ನಿಂಬೆಹಣ್ಣಿನ ವಿರುದ್ಧ ನಮ್ಮಲ್ಲಿ ಏನೂ ಹೇಳಿಲ್ಲ" ಅಂದು ಅದಕ್ಕೂ ನೀರು ಚಿಮುಕಿಸಿದರು.

ಅಷ್ಟೇ ಸಾಕಾಯಿತು. ಪಕ್ಕದ ಪಿಕಪ್ಪಿನವನು ನನಗೂ ಕೊಡಿ ಅಂದ. ಅವನ ಪಕ್ಕದವಳು ನನಗೂ ಅಂದಳು. ದೇವಮ್ಮ ತಂದಿದ್ದ ಚೀಲ ಖಾಲಿಯಾಯಿತು. ಇಗರ್ಜಿಯ ಅಡುಗೆಮನೆಯಲ್ಲಿ ಮೀನು ಕರಿಯುವ ದಿನಕ್ಕೆ ಅಂತ ಇಟ್ಟಿದ್ದ ನಿಂಬೆಹಣ್ಣು ಬಂತು, ಅದೂ ಮುಗಿದು ಕಿತ್ತಳೆ ಬಂತು, ಕಿತ್ತಳೆ ಮುಗಿದು ಕೊನೆಯ ಸಾಲಿನವರಿಗೆ ಆಲೂಗೆಡ್ಡೆ. ಕಾಶಪ್ಪನವರು ಕೈ ಎತ್ತಿ ಇಳಿಸಿದ್ದೇ ತಡ, ಗಾಡಿಗಳೆಲ್ಲ ಒಟ್ಟಿಗೇ ಮುಂದಕ್ಕೆ ಹೊರಟವು. ಪಟಪಟ ಅಂತ ಸದ್ದು. ಒಂದು ನಿಂಬೆಹಣ್ಣು ಜಜ್ಜಿಸಿಕೊಳ್ಳಲು ಒಪ್ಪದೆ ಚಕ್ರದಡಿಯಿಂದ ಚಿಮ್ಮಿ ಕಾಶಪ್ಪನವರ ಟೊಪ್ಪಿಯನ್ನು ಹಾರಿಸಿಕೊಂಡು ಹೋಯಿತು. ಜನ ಚಪ್ಪಾಳೆ ತಟ್ಟಿದರು.

ಉಳಿದದ್ದು ಕುಂಬಳಕಾಯಿ. ಬೂದುಗುಂಬಳ ಸಿಗದೆ, ಹ್ಯಾಲೊವೀನಿಗೆ ತಂದು ಹೊರಗೆ ಬಿಟ್ಟಿದ್ದ ಕಿತ್ತಳೆ ಬಣ್ಣದ ಕುಂಬಳವನ್ನೇ ದೇವಮ್ಮ ಹೊತ್ತು ತಂದಿದ್ದರು. ಮೇಲೆ ಚೂರು ಕೊರೆದು ಒಳಗೆ ಕುಂಕುಮ ತುಂಬಿದ್ದಾಯಿತು. ಗಾಡಿಗಳ ಮುಂದೆ ಮೂರು ಸಲ ನಿವಾಳಿಸಿ, ಎಲ್ಲಿಗಯ್ಯನನ್ನು ನೆನೆದು, ಎತ್ತಿ ನೆಲಕ್ಕೆ ಅಪ್ಪಳಿಸಿದರು.

ಒಡೆಯಲಿಲ್ಲ. ವಾರವಿಡೀ ಚಳಿಯಲ್ಲಿ ಬಿದ್ದು ಅದು ಕಲ್ಲಾಗಿತ್ತು. ನೆಲಕ್ಕೆ ಬಿದ್ದು, ಒಮ್ಮೆ ಪುಟಿದು, ಇಳಿಜಾರು ಹಿಡಿದು ಉರುಳತೊಡಗಿತು. "ಹೋಯ್! ಹೋಯ್!" ಅಂತ ದೇವಮ್ಮ ಹಿಂದೆ ಓಡಿದರು. ಅವರ ಹಿಂದೆ ಇಳಾ, ಇಳಾಳ ಹಿಂದೆ ಫಾದರ್. ಕುಂಬಳಕಾಯಿ ಮಂಜುಗಡ್ಡೆಯ ಮೇಲೆ ಜಾರುತ್ತ, ಅಲ್ಲಿದ್ದ ನಲವತ್ತು ಗಾಡಿಗಳನ್ನೂ ಬಿಟ್ಟು, ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಒಂದೇ ಒಂದು ಕಾರನ್ನು ಹುಡುಕಿಕೊಂಡು ಹೋಯಿತು. ಮುಂದಿನ ಚಕ್ರಕ್ಕೆ ಬಡಿದು ಎರಡು ಹೋಳಾಯಿತು. ಕುಂಕುಮ ಬಂಪರಿನಿಂದ ಹಿಡಿದು ಮಂಜೇಶನ ಪ್ಯಾಂಟಿನವರೆಗೆ ಓಕುಳಿಯಾಯಿತು.

ಮಂಜೇಶ್ ಕರವಸ್ತ್ರ ತೆಗೆದು ಬಂಪರ್ ಒರೆಸಲು ಬಗ್ಗಿದ. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಫಾದರ್ ಅವನ ಕಾರಿನ ಮೇಲೂ ಧಾರಾಳವಾಗಿ ನೀರು ಚಿಮುಕಿಸಿ, ನಗುತ್ತ ಕೈ ಕುಲುಕಿದರು. "ಬಹಳ ದೂರದಲ್ಲಿ ನಿಲ್ಲಿಸಿದ್ರಿ. ಆದರೂ ಸಂತ ಬಿಡಲಿಲ್ಲ ನೋಡಿ."

"ನಿಮ್ಮ ಗಾಡಿಗೇ ಜಾಸ್ತಿ ದೃಷ್ಟಿ ಇತ್ತು ಅಳಿಯಂದ್ರೇ" ಅಂದರು ದೇವಮ್ಮ, ತೃಪ್ತಿಯಿಂದ.

ಮೂರನೆಯ ಪರೀಕ್ಷೆ ಕ್ರಿಸ್‌ಮಸ್ಸಿನ ಹಿಂದಿನ ವಾರ. ಪಕ್ಕದ ಪ್ಲಿಮತ್ ಊರಿನ ಪೇಟೆಬೀದಿ, ಎಲ್ಲ ಕಡೆ ದೀಪದ ಸರ. ದೇವಮ್ಮ ಚೌಕದಲ್ಲಿ ತಮ್ಮ ಸರದಿಗೆ ಹೊರಟರು, ಅಡ್ಡ ಬಂದವನನ್ನು ಮನಸ್ಸಿನಲ್ಲೇ ಬೈದರು, ಸಾಲಿನ ಮಧ್ಯೆ ಕಾರು ನಿಲ್ಲಿಸಿ ತೋರಿಸಿದರು. ಪರೀಕ್ಷಕ ಟ್ಯಾಬ್ಲೆಟ್ಟಿನಲ್ಲಿ ಗುರುತು ಹಾಕುತ್ತ ತಲೆದೂಗಿದ. ಇನ್ನೊಂದು ತಿರುವು ದಾಟಿದರೆ ಮುಗಿಯಿತು.

ಆ ತಿರುವಿನಲ್ಲಿ ಕುದುರೆ ಗಾಡಿ ನಿಂತಿತ್ತು. ಹಬ್ಬದ ದಿನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾರ್ಕಿನ ಸುತ್ತ ತಿರುಗುವ ಗಾಡಿ. ಬಿಳಿ ಕುದುರೆ ರಸ್ತೆಯ ನಡುವೆ ನಿಂತುಬಿಟ್ಟಿತ್ತು. ಗಾಡಿಯವಳು ಹೊಸಬಳು, ಲಗಾಮು ಎಳೆಯುತ್ತಿದ್ದಳು, ಬೇಡಿಕೊಳ್ಳುತ್ತಿದ್ದಳು, ಕುದುರೆ ಹೆಜ್ಜೆ ಕೀಳುತ್ತಿರಲಿಲ್ಲ. ಹಿಂದೆ ಕಾರುಗಳ ಹಾರ್ನು. ಒಳಗೆ ಕೂತ ಮಕ್ಕಳು ಅಳತೊಡಗಿದ್ದವು.

ದೇವಮ್ಮ ನೋಡಿದರು. ಕುದುರೆ ಮುಂದಿನ ಬಲಗಾಲನ್ನು ಊರದೆ, ಗೊರಸಿನ ತುದಿಯನ್ನು ಮಾತ್ರ ನೆಲಕ್ಕೆ ತಾಗಿಸಿ ನಿಂತಿತ್ತು. ಅವರ ಕೈ ಯೋಚನೆ ಮಾಡುವ ಮೊದಲೇ ಗೇರನ್ನು ಪಾರ್ಕಿಗೆ ಹಾಕಿತ್ತು, ಬಾಗಿಲು ತೆರೆದಿತ್ತು, ಗಾಜಿನ ಮಂಜು ಕೆರೆಯುವ ಪ್ಲಾಸ್ಟಿಕ್ಕಿನ ಕೆರೆಗತ್ತಿಯನ್ನು ಎತ್ತಿಕೊಂಡಿತ್ತು.

"ಮೇಡಂ! ಪರೀಕ್ಷೆ ನಡೀತಿದೆ!" ಅಂತ ಪರೀಕ್ಷಕ ಒಳಗಿನಿಂದ ಕೂಗಿದ.

"ಒನ್ ಮಿನಿಟ್, ಸಾರ್" ಅಂದರು.

ಕುದುರೆಯ ಕತ್ತು ತಟ್ಟಿ, ಕಿವಿಯ ಹತ್ತಿರ ಅಪ್ಪ ಹೇಳುತ್ತಿದ್ದ ಹಾಗೆ ಏನೋ ಗುನುಗಿ, ಕಾಲನ್ನು ಮಡಿಸಿ ತಮ್ಮ ತೊಡೆಯ ಮೇಲೆತ್ತಿಕೊಂಡರು. ಲಾಳದ ಒಳಗೆ ಹಿಮ ಗಟ್ಟಿಯಾಗಿ, ತೆಂಗಿನಕಾಯಿಯಷ್ಟು ಉಂಡೆ ಕಟ್ಟಿತ್ತು. ಕೆರೆಗತ್ತಿಯಿಂದ ಎರಡು ಸಲ ಮೀಟಿದರು. ಉಂಡೆ ಕಳಚಿ ಬಿತ್ತು. ಕುದುರೆ ಕಾಲೂರಿ, ಉಸ್ಸೆಂದು ದೇವಮ್ಮನ ಕೋಟಿನ ಮೇಲೆ ಬಿಸಿ ಉಸಿರು ಬಿಟ್ಟಿತು. ಎಷ್ಟೋ ವರ್ಷದ ಮೇಲೆ ಆ ವಾಸನೆ! ದೇವಮ್ಮ ಅದರ ಹಣೆಗೆ ಹಣೆ ಒತ್ತಿ ಒಂದು ಕ್ಷಣ ನಿಂತರು. ಗಾಡಿಯವಳು ಥ್ಯಾಂಕ್ಸ್ ಹೇಳುತ್ತ, ಬೇಕಾದರೆ ಹತ್ತಿ ಸ್ವಲ್ಪ ದೂರ ಹೊಡೆಯಿರಿ ಅಂತ ಲಗಾಮನ್ನೇ ಚಾಚಿದಳು.

ದೇವಮ್ಮ ಹತ್ತಿದರು. ಪಾರ್ಕಿನ ಸುತ್ತ ಒಂದು ಸುತ್ತು ಹೊಡೆದರು. ಕುದುರೆ ನಗಲಿಲ್ಲ. ಇವರು ಮಾತ್ರ ಉದ್ದಕ್ಕೂ ನಗುತ್ತಿದ್ದರು, ಕಣ್ಣೀರು ಬರುವಷ್ಟು.

ತಿರುಗಿ ಬಂದಾಗ ಪರೀಕ್ಷಕ ಮಿನಿವ್ಯಾನಿನ ಪಕ್ಕ ಕೈ ಕಟ್ಟಿ ನಿಂತಿದ್ದ. "ಕುದುರೆ ಓಡಿಸೋದರಲ್ಲಿ ನೀವು ಪಾಸು" ಅಂದ. "ಕಾರನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗಿದ್ದಕ್ಕೆ ಫೇಲು."

ಈ ಸಲ ದೇವಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳಲಿಲ್ಲ. ಎಲ್ಲಿಗಯ್ಯ ಕಾಲನ್ನೇ ಕಳಚಿದ, ನನ್ನ ಕೈಯಲ್ಲಿ ಐಸ್ ಕಳಚಿಸಿದ, ಇನ್ನೇನು ಬೇಕು ಅಂದರು. ಅಳಿಯನನ್ನೂ ಕೂರಿಸಿಕೊಂಡು ಕಥೆಯನ್ನು ಮೂರು ಸಲ ಹೇಳಿದರು. ಮಾರ್ಚಿನಲ್ಲಿ, ರಸ್ತೆಯಲ್ಲಿ ಕುದುರೆ, ಪಿಕಪ್ಪು ಯಾವುದೂ ಅಡ್ಡ ಬಾರದ ಒಂದು ಮಂಗಳವಾರ, ಸದ್ದಿಲ್ಲದೆ ಪಾಸಾದರು. ಹರಕೆಯ ಪುಳಿಯೋಗರೆಯನ್ನು ಇಗರ್ಜಿಯವರು ಎರಡೆರಡು ಸಲ ಹಾಕಿಸಿಕೊಂಡು, ಕೆಂಪಗಾಗಿ, ಮೂಗು ಒರೆಸಿಕೊಳ್ಳುತ್ತ ತಿಂದರು. ಫಾದರ್ ಜೆರೋಮ್ ಮೂರು ಗ್ಲಾಸು ಹಾಲು ಕುಡಿದರೂ ಡಬ್ಬಿಗೆ ತುಂಬಿಸಿಕೊಂಡು ಹೋಗುವುದನ್ನು ಮರೆಯಲಿಲ್ಲ.

ಸಬ್‌ಡಿವಿಷನ್ನಿನಲ್ಲಿ ದೇವಮ್ಮನಂಥ ಅಜ್ಜಿಯರು ಇನ್ನೂ ಇದ್ದರು, ಹಗಲೆಲ್ಲ ಕಿಟಕಿಯಲ್ಲಿ ಕೂತವರು. ಈಗ ಗುರುವಾರಕ್ಕೊಮ್ಮೆ ಮಿನಿವ್ಯಾನ್ ಅವರ ಮನೆಗಳ ಮುಂದೆ ನಿಂತು ಹಾರ್ನ್ ಮಾಡುತ್ತದೆ. ಕೆಲವರು ದೇವಸ್ಥಾನಕ್ಕೆ, ಕೆಲವರು ಕಣ್ಣಿನ ಡಾಕ್ಟರ ಹತ್ತಿರ, ಒಬ್ಬಾಕೆ ಎಲ್ಲಿಗೂ ಇಲ್ಲ, ಸುಮ್ಮನೆ ಗಾಳಿಗೆ.

ಬೇಸಿಗೆಯಲ್ಲಿ ಲತಾಶ್ರೀಯ ಚಿಕ್ಕಪ್ಪನ ಮಗಳು ಮಾನಸಳ ಮಗುವಿಗೆ ನಾಮಕರಣ, ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ. ಲತಾಶ್ರೀಗೂ ಇಳಾಗೂ ರಜೆ ಇಲ್ಲ. ಹೊರಟವರು ಮಂಜೇಶ್ ಮತ್ತು ಅತ್ತೆ ಇಬ್ಬರೇ. ಅರ್ಧ ದಾರಿಯಲ್ಲಿ, ಕಲಮಜೂ ದಾಟಿದ ಮೇಲೆ, ಮಂಜೇಶನಿಗೆ ತಲೆನೋವು ಏರಿ ಕಣ್ಣು ಬಿಡಲಾಗಲಿಲ್ಲ. ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ ತಲೆ ಹಿಡಿದು ಕೂತ.

"ಕೀ ಕೊಡಿ" ಅಂದರು ದೇವಮ್ಮ.

"ಅತ್ತೆ, ಇದು ಹೈವೇ. ಮುಂದೆ ಶಿಕಾಗೋ ಟ್ರಾಫಿಕ್."

"ಗೊತ್ತು. ನೀವು ಕಣ್ಣು ಮುಚ್ಕೊಳ್ಳಿ. ಮುಚ್ಚಿದ್ರೆ ಹೆದರಿಕೆಯೂ ಕಮ್ಮಿ."

ಐವತ್ತೈದು ಮೈಲಿಯ ವೇಗ ಅಂದರೆ ಐವತ್ತೈದೇ. ಟ್ರಕ್ಕುಗಳು ಕೂಗಿಕೊಂಡು ಹಾದುಹೋದವು, ಸ್ಕೂಲ್ ಬಸ್ಸು ಹಾದುಹೋಯಿತು, ದೋಣಿ ಎಳೆದುಕೊಂಡು ಹೊರಟಿದ್ದ ಒಬ್ಬ ಮುದುಕನೂ ಹಾದುಹೋದ. ದೇವಮ್ಮ ಎಲ್ಲರಿಗೂ ಕೈ ತೋರಿಸಿ ಕಳಿಸಿಕೊಟ್ಟರು. ಶಿಕಾಗೋದ ಸುತ್ತ ಹನ್ನೆರಡು ಸಾಲು ಗಾಡಿಗಳು ಒಂದರೊಳಗೊಂದು ಹೆಣೆದುಕೊಳ್ಳುವ ಜಾಗದಲ್ಲಿ ಒಮ್ಮೆ "ಎಲ್ಲಿಗಯ್ಯಾ!" ಅಂತ ಗಟ್ಟಿಯಾಗಿ ಕೂಗಿದರು. ಮಂಜೇಶ್ ಬೆಚ್ಚಿ ನೀರಿನ ಬಾಟಲಿ ಹುಡುಕಿದ. ಮನೆಗೆ ವಾಪಸು ಹೋಗಿ ಕೂತು ಬರುವ ಹಾಗಿರಲಿಲ್ಲ. ಕೂತಲ್ಲೇ ಒಂದು ಗುಟುಕು ಕುಡಿದು, ಜೀವನದಲ್ಲಿ ಮೊದಲ ಬಾರಿಗೆ, ಅತ್ತೆಯ ಜೊತೆ ತಾನೂ ಮೆಲ್ಲಗೆ "ಎಲ್ಲಿಗಯ್ಯಾ" ಅಂದ.

ಲಿಸ್ಲ್ ತಲುಪಿದಾಗ ನಾಮಕರಣ ಮುಗಿದು ಊಟದ ಎಲೆ ಎತ್ತುತ್ತಿದ್ದರು. ಮಾನಸ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಓಡಿ ಬಂದಳು. "ದೊಡ್ಡಮ್ಮಾ! ನೀವೇ ಓಡಿಸ್ಕೊಂಡು ಬಂದ್ರಾ?"

ದೇವಮ್ಮ ಎರಡು ಮನೆಗಳ ಡ್ರೈವ್‌ವೇಗೂ ಸಮನಾಗಿ ಅಡ್ಡ ನಿಲ್ಲಿಸಿ, ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡು ಇಳಿದರು. ಆಚೆ ಬಾಗಿಲಿನಿಂದ ಇಳಿದ ಮಂಜೇಶ್ ಮೊಣಕಾಲೂರಿ, ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡ.

"ನೋಡಿದ್ಯಾ ಮಾನಸ" ಅಂದರು ದೇವಮ್ಮ, ಮಗುವನ್ನು ಕೈಗೆ ತೆಗೆದುಕೊಳ್ಳುತ್ತ. "ನಮ್ಮ ಅಳಿಯಂದ್ರಿಗೆ ಈಚೆಗೆ ಎಷ್ಟು ಭಕ್ತಿ ಬಂದಿದೆ!"